ದೆಹಲಿಗೆ ಹೋದ ಹರಿದ ಬಲೆ

ಡ್ರಾಯಿಂಗ್ ಟೀಚರ್ ಒಂದು ಕಣ್ಣು ಮುಚ್ಚಿಯೇ ಮೀನು ಕೊಳ್ಳುತ್ತಿದ್ದರು. ಬಂಗುಡೆಯ ಬಾಲ ಹಿಡಿದು ಬಿಸಿಲಿಗೆ ಎತ್ತಿ, ಎಡಗಣ್ಣು ಮುಚ್ಚಿ, ಅದರ ಬೆನ್ನಿನ ನೀಲಿಯನ್ನು ನೋಡುತ್ತ ನಿಂತುಬಿಡುವರು.

"ಟೀಚರ್, ಅದು ಸಾರಿಗೆ, ಗೋಡೆಗೆ ಅಲ್ಲ" ಎಂದು ಮೀನು ಮಾರುವ ನನ್ನ ಹೆಂಡತಿ ನಗುತ್ತಿದ್ದಳು.

"ಸ್ವಲ್ಪ ನಿಲ್ಲಿ ಮಾರಾಯ್ರೆ, ಈ ಬಣ್ಣ ಅಂಗಡಿಯಲ್ಲಿ ಸಿಗುದಿಲ್ಲ."

ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆ ಅವರದು. ಕೊಂಕಣಿ ಕ್ರೈಸ್ತರು, ಒಂಟಿ ಜೀವ. ಶಾಲೆಯಿಂದ ನಿವೃತ್ತರಾದ ಮೇಲೆ, ಜನ ಬಿಸಾಡಿದ ವಸ್ತುಗಳನ್ನು ತಂದು ಕಲಾಕೃತಿ ಮಾಡುತ್ತಿದ್ದರು. ಒಮ್ಮೆ ನಮ್ಮ ಅಟ್ಟದಲ್ಲಿದ್ದ ಅಪ್ಪನ ಹಳೆಯ ಬಲೆಯನ್ನು ಕೇಳಿ ಪಡೆದರು. ಅದರ ನಡುವೆ ಆಳೆತ್ತರದ ಹರಕು. ಚಾವಡಿಯಲ್ಲಿ ತೂಗುಹಾಕಿ ಹಿಂದಿನಿಂದ ಬೆಳಕು ಬಿಟ್ಟರು. ಗೋಡೆಯ ತುಂಬ ನೆರಳಿನ ಬಲೆ, ಮಧ್ಯೆ ಬೆಳಕಿನ ತೂತು.

"ನೋಡಿ, ಸಮುದ್ರ ಇಲ್ಲಿಂದ ಹೊರಗೆ ಹೋಯ್ತು" ಎಂದರು. ನನಗೆ ಹರಕು ಮಾತ್ರ ಕಂಡಿತು.

ಅದರ ಫೋಟೋವನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಕಲಾ ಪ್ರಶಸ್ತಿಗೆ ಕಳಿಸಿದರು. ಎಷ್ಟೋ ವರ್ಷ ಅರ್ಜಿ ಹಾಕಿ ಸೋತಿದ್ದವರು ಆ ಸಲ ಮೊದಲ ಸುತ್ತು ದಾಟಿದರು. ಸುದ್ದಿ ಹೇಳಲು ಚಪ್ಪಲಿಯೂ ಇಲ್ಲದೆ ನಮ್ಮ ಮನೆಗೆ ಓಡಿ ಬಂದರು. ಇನ್ನು ಬಲೆಯನ್ನೇ ದೆಹಲಿಗೆ ಕಳಿಸಬೇಕಿತ್ತು. ಪ್ಯಾಕಿಂಗನ್ನು ನನಗೊಪ್ಪಿಸಿ ಅವರು ಮುಂಚಿತವಾಗಿ ರೈಲು ಹತ್ತಿದರು.

ವಿಷಯ ಬಂದರಿಗೂ ಮುಟ್ಟಿತು. "ಎಂತ ಮಾರಾಯ, ನಿನ್ನ ಅಪ್ಪನ ಹರ್ಕು ಬಲೆ ದೆಲ್ಲಿಗೆ ಹೋಗ್ತದಂತೆ? ನಿಮ್ಮ ಮನೆಯಲ್ಲಿ ಬಲೆ ಕಟ್ಲಿಕ್ಕೆ ಗೊತ್ತಿರುವ ಗಂಡಸರೇ ಇಲ್ಲ ಅಂತ ಮಂತ್ರಿಗಳೂ ನೋಡ್ಲಿ!" ಎಂದು ಬೋಟಿನ ಗೆಳೆಯನೊಬ್ಬ ಎಲ್ಲರೆದುರು ನಕ್ಕ. ಹರಿದ ಬಲೆಯನ್ನು ಹಾಗೆಯೇ ಬಿಡುವುದು ನಮ್ಮ ಮೀನುಗಾರರಲ್ಲಿ ಸೋಮಾರಿಯ ಗುರುತು. ನನ್ನ ಮುಖ ಬಿಸಿಯಾಯಿತು. ಮನೆಗೆ ಬಂದವನು ಬಲೆ ಕಟ್ಟುವ ಸೂಜಿ, ನೂಲು ಹಿಡಿದು ಕೂತೆ. ಆ ಹರಕನ್ನು ಪೂರ್ತಿ ಹೆಣೆದು ಮುಚ್ಚಿದ ಮೇಲೆಯೇ ಪೆಟ್ಟಿಗೆಗೆ ಮೊಳೆ ಹೊಡೆದೆ.

ಪ್ರಶಸ್ತಿ ಬರಲಿಲ್ಲ. ಊರಿಗೆ ಮರಳಿದ ಟೀಚರ್ ನೇರ ನಮ್ಮ ಜಗಲಿಗೆ ಬಂದು ಕೂತರು.

"ಫೋಟೋದಲ್ಲಿ ಇದ್ದ ಹಾಗೆ ಇಲ್ಲ ಅಂದ್ರು. ಬೇಕಾದರೆ ಸರಿ ಮಾಡಿ ಅಂತ ಕತ್ತರಿಯೂ ಕೊಟ್ರು. ನನಗೆ ಕೈ ಬರಲಿಲ್ಲ ಮಾರಾಯ್ರೆ. ಎಷ್ಟು ಚಂದ ಉಂಟು ನಿಮ್ಮ ಗಂಟು! ಹರಿದದ್ದು ಕಂಡರೆ ನಿಮ್ಮ ಕೈ ಸುಮ್ಮನೆ ಕೂರುದಿಲ್ಲ, ಅಲ್ವಾ?"

"ಹೌದು ಟೀಚರ್, ಅಭ್ಯಾಸ" ಎಂದೆ.

ಅವರು ಅದನ್ನೇ ನಂಬಿದರು. ಬಲೆಯನ್ನು ಮತ್ತೆ ಚಾವಡಿಯಲ್ಲಿ ತೂಗುಹಾಕಿ, "ಅಪ್ಪನ ಬಲೆ, ಮಗನ ಕೈ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಪ್ರಶಸ್ತಿಗೆ ಮತ್ತೆಂದೂ ಅರ್ಜಿ ಹಾಕಲಿಲ್ಲ.

ಹೋದ ವರ್ಷ ಟೀಚರ್ ತೀರಿಕೊಂಡರು. ಹಾಸಿಗೆ ಹಿಡಿದಿದ್ದಾಗ ದಿನಾ ಗಂಜಿ ಕೊಂಡುಹೋಗುತ್ತಿದ್ದೆ, ದಿನಾ ನಿಜ ಹೇಳದೆಯೇ ಮರಳುತ್ತಿದ್ದೆ. ಇಗರ್ಜಿಯ ಸ್ಮಶಾನದಲ್ಲಿ ಎಲ್ಲರೂ ಸಾಲಾಗಿ ಗುಂಡಿಗೆ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ಹಿಡಿಮಣ್ಣು ಹಿಡಿದು ನಿಂತು, "ಅದು ಅಭ್ಯಾಸ ಅಲ್ಲ ಟೀಚರ್, ನಾಚಿಕೆ" ಎಂದು ಮೆಲ್ಲಗೆ ಹೇಳಿದೆ.

ಹಿಂದೆ ನಿಂತವರು ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದುಕೊಂಡು ಕಾದರು.