ಸಾಲಿನಿಂದ ಹೊರಬಂದ ಶುಕ್ರವಾರ

ಆಗ ನನಗೆ ಐವತ್ತೊಂಬತ್ತು. ಇದಾಗಿ ಹತ್ತು ವರ್ಷ ಕಳೆದಿದೆ. ಅಬುಧಾಬಿಯ ಖಾಲಿದಿಯಾದಲ್ಲಿ ಉಡುಪಿ ಕಡೆಯವರ ಮನೆಯಲ್ಲಿ ನಾನು ಅಡುಗೆಯವಳು. ಯಜಮಾನರ ತಾಯಿಗೆ ಸಕ್ಕರೆ ಕಾಯಿಲೆ, ಜೊತೆಗೆ ಮರೆವು. ಅವರನ್ನು ನೋಡಿಕೊಳ್ಳಲು ಕಾರ್ಕಳದ ಐರಿನ್ ಇದ್ದಳು. ಅವಳೂ ನಾನೂ ಒಂದೇ ಚರ್ಚಿಗೆ ಹೋಗುವವರು. ಅಷ್ಟು ಬಿಟ್ಟರೆ ಹಾವು ಮುಂಗುಸಿ.

ಒಂದು ಬುಧವಾರ ಮಧ್ಯಾಹ್ನ ನಾನು ಡ್ರೈವರ್ ಜೊತೆ ಮೀನು ತರಲು ಅಲ್ ಮೀನಾಕ್ಕೆ ಹೋಗಿದ್ದೆ. ಮರಳುವಾಗ ಐರಿನ್ ಪಕ್ಕದ ಬಿಲ್ಡಿಂಗಿನಿಂದ ಹೊರಬರುತ್ತಿದ್ದಳು, ಚೂಡಿದಾರದ ಅಂಚು ಒದ್ದೆ. ಮನೆಯೊಳಗೆ ಅಜ್ಜಿ ನೆಲದ ಮೇಲೆ. ಪಕ್ಕದಲ್ಲಿ ಖರ್ಜೂರದ ಖಾಲಿ ಡಬ್ಬ. ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಟ್ಟು ಉಳಿಸಿದರು. ಮರುದಿನ ಅಜ್ಜಿಯನ್ನು ಮನೆಗೆ ಕರೆತಂದರು.

"ಖರ್ಜೂರ ಕೊಟ್ಟದ್ದು ಮಾವ್ಶಿ," ಎಂದು ನನ್ನತ್ತ ಕೈ ತೋರಿಸಿಬಿಟ್ಟಳು ಐರಿನ್.

"ಬಾಯಮ್ಮ, ನಾಳೆ ಇಗರ್ಜಿಗೆ ಹೋಗಿ ಬಂದು ನಿಜ ಹೇಳಿ," ಎಂದರು ನನಗೆ ಮೇಡಂ, ಯಜಮಾನರ ಹೆಂಡತಿ. "ಇಲ್ಲದಿದ್ದರೆ ಖಲಾಸ್, ವೀಸಾ ಕ್ಯಾನ್ಸಲ್."

ಅರವತ್ತರ ಹತ್ತಿರದವಳಿಗೆ ಇನ್ನೊಂದು ವೀಸಾ ಯಾರು ಕೊಡುತ್ತಾರೆ? ಆದರೆ ಎಸೆಯಲು ನನ್ನ ಹತ್ತಿರವೂ ಕಲ್ಲಿತ್ತು. ಒಬ್ಬರ ವೀಸಾದಲ್ಲಿದ್ದುಕೊಂಡು ಕದ್ದು ಇನ್ನೊಂದು ಮನೆಯಲ್ಲಿ ಪಾರ್ಟ್ ಟೈಮ್ ದುಡಿದರೆ ಅಲ್ಲಿ ಗಡೀಪಾರು. ಐರಿನ್ ಪಕ್ಕದ ಬಿಲ್ಡಿಂಗಿನಲ್ಲಿ ಮಾಡುತ್ತಿದ್ದದ್ದು ಅದನ್ನೇ; ನನ್ನ ಒಂದು ಮಾತಿಗೆ ವಿಮಾನ ಹತ್ತುತ್ತಿದ್ದಳು.

ಆಗ ಅಲ್ಲಿ ರಜೆ ಶುಕ್ರವಾರ, ನಮ್ಮ ಪೂಜೆಯೂ ಅಂದೇ. ಪರಮ ಪ್ರಸಾದವೆಂದರೆ ಕ್ರಿಸ್ತನ ಶರೀರ ಎಂದು ನಂಬುವವರು ನಾವು. ಯೋಚನೆ, ಮಾತು, ಕೆಲಸ ಮೂರನ್ನೂ ಹಿಡಿತದಲ್ಲಿಟ್ಟುಕೊಂಡು ಅದರ ಮುಂದೆ ನಿಲ್ಲಬೇಕು. ಕೈ ತಪ್ಪು ಮಾಡಿರಲಿಲ್ಲ, ನಾಲಿಗೆಯೂ ಇನ್ನೂ ಹೇಳಿರಲಿಲ್ಲ. ಆದರೆ ಪೂಜೆಯುದ್ದಕ್ಕೂ ನನ್ನ ಕಣ್ಣೆದುರು ಪೊಲೀಸರು ಐರಿನ್‌ಳನ್ನು ಎಳೆದೊಯ್ಯುತ್ತಿದ್ದರು, ನಾನು ಸಂತೋಷದಿಂದ ನೋಡುತ್ತಿದ್ದೆ.

ಪ್ರಸಾದದ ಸಾಲಿನಲ್ಲಿ ಅವಳು ನನ್ನ ಮುಂದೆಯೇ ಇದ್ದಳು. ಈ ಮನಸ್ಸಿಟ್ಟುಕೊಂಡು ಪ್ರಸಾದಕ್ಕೆ ಬಾಯಿ ತೆರೆಯಲಾರೆ ಎನಿಸಿತು. ಅವಳ ತೋಳು ಹಿಡಿದು ಹೊರಗೆಳೆದೆ. ಇಡೀ ಸಾಲು ನೋಡಿತು.

"ಎಂತ ಮಾವ್ಶಿ, ಹುಚ್ಚಾ ನಿಮಗೆ?"

"ನೀನು ಎಲ್ಲಿಗೆ ಹೋಗುವುದಂತ ಗೊತ್ತುಂಟು ನಂಗೆ. ಮೇಡಂಗೆ ನೀನೇ ಹೇಳು. ನಾನು ಹೇಳುವುದಿಲ್ಲ. ಅಜ್ಜಿಯನ್ನು ಇನ್ನೊಮ್ಮೆ ಒಬ್ಬರೇ ಬಿಟ್ಟರೆ ಮಾತ್ರ ಬಿಡ್ಲಿಕ್ಕಿಲ್ಲ."

"ನನ್ನನ್ನು ಊರಿಗೆ ಕಳಿಸ್ತಾರೆ!"

"ನನ್ನನ್ನು ಕಳಿಸಿದರೆ ಪಾಯಸ ಮಾಡ್ತೀಯಾ?"

ಅಷ್ಟರಲ್ಲಿ ಪ್ರಸಾದ ಮುಗಿದಿತ್ತು. ಇಬ್ಬರಿಗೂ ಸಿಗಲಿಲ್ಲ.

ಮನೆಯಲ್ಲಿ ಮೇಡಂ ಕೇಳಿದರು. "ನಾನು ಕೊಡಲಿಲ್ಲ. ಹೆಚ್ಚು ಕೇಳಬೇಡಿ," ಎಂದೆ.

"ಹಾಗಾದರೆ ಪೆಟ್ಟಿಗೆ ಕಟ್ಟಿ."

ಪೆಟ್ಟಿಗೆ ಇಳಿಸಿದೆ. ಎರಡು ಸೀರೆ ಹಾಕಿದೆ. ಐರಿನ್ ಬಾಗಿಲಲ್ಲಿ ನಿಂತೇ ಇದ್ದಳು. ನಾನು ಮೂರನೆಯ ಸೀರೆ ಮಡಚುವಾಗ ಮೇಡಂರ ಕೋಣೆಗೆ ಓಡಿದಳು. ಅಳುತ್ತ ಎಲ್ಲ ಹೇಳಿದ್ದು ಕೇಳಿಸಿತು, ಬೈಗುಳವೂ ಕೇಳಿಸಿತು. ಅಜ್ಜಿ ಅವಳ ಕೈಯಿಂದ ಬಿಟ್ಟರೆ ಬೇರೆ ಯಾರಿಂದಲೂ ಸ್ನಾನ ಮಾಡಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಅವಳು ಉಳಿದಳು. "ಗೊತ್ತಿದ್ದೂ ಹೇಳಲಿಲ್ಲವಾ?" ಎಂದು ನನಗೂ ಬೈಗುಳ ಬಿತ್ತು, ಪೆಟ್ಟಿಗೆ ಮಾತ್ರ ಮತ್ತೆ ಮೇಲೇರಿತು.

ಮೂವತ್ತು ವರ್ಷ ಬೇರೆಯವರ ಮನೆಯಲ್ಲಿ ದುಡಿದು ಕಲಿತದ್ದು ಇಷ್ಟು: ಸುಳ್ಳು ಕೆಟ್ಟದ್ದೆಂದು ಎಲ್ಲರಿಗೂ ಗೊತ್ತು, ಆದರೆ ಒಬ್ಬರು ಹಾಳಾಗಲಿ ಎಂದು ಹೇಳುವ ನಿಜವೂ ಕೆಟ್ಟ ಮಾತೇ.

ಮರುದಿನ ಬೆಳಿಗ್ಗೆ ಬೇಗನೆ ಟ್ಯಾಕ್ಸಿ ಹಿಡಿದು ಹೋಗಿ, ಪಾದ್ರಿಗಳ ಮುಂದೆ ಪಾಪ ಹೇಳಿಕೊಂಡು, ಪ್ರಸಾದ ತೆಗೆದುಕೊಂಡು ಬಂದೆ. ಮನೆಯಲ್ಲಿ ಉಳಿದಿದ್ದ ಖರ್ಜೂರದ ಡಬ್ಬಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದೆ. ಆಮೇಲೆ ಅಜ್ಜಿಯ ಮಂಚದ ಪಕ್ಕ ಕುರ್ಚಿ ಎಳೆದು ಕುಳಿತು ಐರಿನ್‌ಗೆ ಹೇಳಿದೆ:

"ಯಲ್ಲಾ, ಹೊರಡು, ಇನ್ನು ನೀನು ಹೋಗಿ ಬಾ. ಚರ್ಚಿಗೆ ಮಾತ್ರ."