ಅಟ್ಟಣೆ ಮೇಲಿನ ಪುಳಿಯೋಗರೆ

"ಅಮ್ಮ, ಸೋಪು, ಪೌಡರು ಏನೂ ಬೇಡ. ನಮ್ಮ ವಾಸನೆ ಹೊಡೆದ್ರೆ ಜಿಂಕೆ ಬರಲ್ವಂತೆ," ಅಂದಳು ಮಗಳು. ವಿದೇಶದಲ್ಲಿ ಅವಳಿರೋ ಊರು ವಾಗೆನಿಂಗನ್‌ನಲ್ಲಿ ಪಕ್ಕದ ಮನೆಯ ಬೇಟೆಗಾರ ತಾತ ಕಾಡಲ್ಲಿ ಮುಸುಕಿನ ಜೋಳ ಚೆಲ್ಲಿ, ನಮ್ಮನ್ನ ಅಟ್ಟಣೆಗೆ ಹತ್ತಿಸಿದ. ನಾನು ಸೋಪು ಮುಟ್ಟಿರಲಿಲ್ಲ. ಆದರೆ ಬರಿಗೈಲಿ ಹೊರಡೋದು ಹೇಗೆ? ಮಡಿಲಲ್ಲಿ ಇಂಗು ಹಾಕಿದ ಪುಳಿಯೋಗರೆ ಡಬ್ಬಿ ಇತ್ತು.

ಬಂದದ್ದು ಜಿಂಕೆಯಲ್ಲ, ಮರಿ ಕಟ್ಟಿಕೊಂಡ ಕಾಡುಹಂದಿ. ಜೋಳ ಬಿಟ್ಟು ನೇರ ಬಂದು ಏಣಿಗೇ ಗುದ್ದಿತು. ಅಟ್ಟಣೆ ಅಲ್ಲಾಡಿತು, ನಾನು ಡಬ್ಬಿ ಅವುಚಿಕೊಂಡೆ. ತಾತ ಬಂದೂಕು ಎತ್ತಲಿಲ್ಲ, ಮಗಳ ಕಿವಿಯಲ್ಲಿ ಏನೋ ಹೇಳಿದ.

"ಮರಿ ಇರೋ ತಾಯಿಗೆ ಗುಂಡು ಹೊಡೆಯೋ ಹಾಗಿಲ್ವಂತೆ. ಡಬ್ಬಿ ಎಸಿಯಮ್ಮ!" ಅಂತ ಕೂಗಿದಳು ಮಗಳು.

ಮುಚ್ಚಳ ಕಿತ್ತು ದೂರಕ್ಕೆ ಎಸೆದೆ. ಹಂದಿ ಅತ್ತ ಓಡಿತು, ತಳದವರೆಗೂ ನೆಕ್ಕಿತು. ಪುಣ್ಯಾತ್ಗಿತ್ತಿ, ನನ್ನ ಅಳಿಯನ ಹಾಗೆ ಉಪ್ಪು ಸಾಲದು ಅನ್ನಲಿಲ್ಲ.