ಸಂಜೀವಣ್ಣನ ಬಾಳೆದಿಂಡಿನ ಎಂಜಿನ್

ಕಾಪುವಿನ ಸಂಜೀವಣ್ಣ ರಿಪೇರಿಗೆ ಬಂದ ಯಾವ ಕಾರಿನ ಬಾನೆಟ್ಟನ್ನೂ ಬಂದ ಕೂಡಲೇ ಎತ್ತಿದವರಲ್ಲ. ಕೈ ಒರೆಸಿಕೊಂಡು, ಚಪ್ಪಲಿಯ ಮಣ್ಣು ಕೊಡವಿ, ದಿಬ್ಬಣಕ್ಕೆ ಹೊರಟ ಹಿರಿಯರ ಗತ್ತಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು, “ಹೋಗುವ ಸರ್, ಲೈಟ್‌ಹೌಸ್‌ವರೆಗೆ” ಎನ್ನುತ್ತಿದ್ದರು. ಕಾರಿನ ಮಾಲೀಕನೇ ಓಡಿಸಬೇಕು. ಇವರು ಎದುರಿನ ಕನ್ನಡಿಯಲ್ಲಿ ಅವನ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ನನ್ನನ್ನು ಹಾಗೆ ಅರ್ಧ ಮೈಲಿ ನೋಡಿ ಕೊಟ್ಟ ತೀರ್ಪು ಇಷ್ಟು: “ಕ್ಲಚ್ಚಿಗೆ ಎಂತದೂ ಆಗ್ಲಿಲ್ಲ ಸರ್. ಅದರ ಮೇಲೆ ಇಟ್ಟ ಕಾಲು ನೀವು ಇನ್ನೂ ತೆಗೀಲಿಲ್ಲ, ಅಷ್ಟೆ.”

ಇಲ್ಲಿ ನನ್ನ ಪರಿಚಯ ಹೇಳಿಕೊಳ್ಳಬೇಕು, ನಾಚಿಕೆಯಾದರೂ. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷಗಳಿಂದ ಎಂಜಿನ್ನುಗಳ ಬಗ್ಗೆ ಪಾಠ ಹೇಳುತ್ತಿರುವವನು. ಹುಟ್ಟೂರು ಗದಗ. ಇಷ್ಟು ವರ್ಷವಾದರೂ ತುಳುವಿನಲ್ಲಿ ‘ಊಟ ಆಯಿತೇ’ ಎಂಬುದರಾಚೆ ದಾಟಿಲ್ಲ. ಎಂಜಿನ್ನಿನ ಒಳಗಿನ ಒತ್ತಡ, ಉಷ್ಣತೆ ಎಲ್ಲವನ್ನೂ ಬೋರ್ಡಿನ ಮೇಲೆ ಕಣ್ಣುಮುಚ್ಚಿ ಬರೆಯಬಲ್ಲೆ. ಆದರೆ ನನ್ನ ಹೆಂಡತಿ ಹೇಳುವುದೂ ಸುಳ್ಳಲ್ಲ: “ಪಾಠ ಹೇಳೂದು ಎಂಜಿನ್ನಿಂದು, ಬಾನೆಟ್ ಎತ್ತಾಕ ವಾಚ್‌ಮನ್ ಬರಬೇಕು ನಿಮಗ!”

ಇಂಥ ನಾನು ಉಡುಪಿಯ ಒಬ್ಬ ನಿವೃತ್ತ ಡಾಕ್ಟರರಿಂದ ಎರಡು ಬಾಗಿಲಿನ ಪುಟ್ಟ ಹಳೆಯ ಕಾರೊಂದನ್ನು ಕೊಂಡೆ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಹಿರಿದು. ನೋಡಲು ಎಷ್ಟು ಮುದ್ದಾಗಿತ್ತೆಂದರೆ ಜನ ದಾರಿಯಲ್ಲಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ನಿಲ್ಲಿಸುವುದೇನೂ ಕಷ್ಟವಿರಲಿಲ್ಲ, ಅದು ತಾನಾಗಿಯೇ ನಿಲ್ಲುತ್ತಿತ್ತು. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯಲ್ಲಿ ಒಂದು ದಿನ ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, “ಸರ್, ತಳ್ಳಬೇಕಾ?” ಎಂದು ಕೇಳಿದ. ಬಸ್ಸಿನ ತುಂಬ ನನ್ನ ವಿದ್ಯಾರ್ಥಿಗಳು. ಅವತ್ತೇ ತೀರ್ಮಾನ ಮಾಡಿದೆ, ಇದಕ್ಕೆ ದೊಡ್ಡ ಎಂಜಿನ್ ಕೂರಿಸಲೇಬೇಕು.

ಲೆಕ್ಕ ಹಾಕಿದೆ. ಗುಜರಿಗೆ ಹೋಗಲಿದ್ದ ಒಂದು ವ್ಯಾನಿನ ಎಂಜಿನ್ ನೋಡಿಟ್ಟು, ಅದರ ಉದ್ದ, ಅಗಲ, ಎತ್ತರ, ತೂಕ ಎಲ್ಲ ಸೇರಿಸಿ ಹನ್ನೊಂದು ಪುಟ ಬರೆದು ಸಂಜೀವಣ್ಣನ ಮುಂದಿಟ್ಟೆ. ಅವರು ಕನ್ನಡಕ ಹಾಕಿ ಹನ್ನೊಂದೂ ಪುಟ ತಿರುವಿದರು. “ಅಕ್ಷರ ಭಾರೀ ಚಂದ ಉಂಟು ಸರ್” ಎಂದರು. ಆಮೇಲೆ ಎದ್ದು ಶೆಡ್ಡಿನ ಹಿಂದೆ ಹೋಗಿ ಒಂದು ಬಾಳೆ ಕಡಿದರು.

ಅವರ ತಂದೆ ಪೂಜೆಯ ಮನೆಗಳಲ್ಲಿ ಬಾಳೆದಿಂಡಿನ ಮಂಟಪ ಕಟ್ಟುತ್ತಿದ್ದವರಂತೆ. ಆ ವಿದ್ಯೆ ಮಗನ ಕೈಯಲ್ಲಿ ಎಂಜಿನ್ನಾಗಿತ್ತು. ಯಾವ ಗಾಡಿಗೆ ಯಾವ ಬೇರೆ ಎಂಜಿನ್ ಕೂರಿಸುವುದಿದ್ದರೂ ಮೊದಲು ಅದೇ ಅಳತೆಗೆ ದಿಂಡು ಕೊಯ್ದು, ತೆಂಗಿನ ಕಡ್ಡಿ ಚುಚ್ಚಿ ಜೋಡಿಸಿ, ಬಿಳಿಯ ಎಂಜಿನ್ನೊಂದನ್ನು ಮಾಡುತ್ತಿದ್ದರು. ಅದನ್ನು ಗಾಡಿಯೊಳಗೆ ಕೂರಿಸಿ, ಬಾನೆಟ್ ಮುಚ್ಚಿ ಒತ್ತಿ, ಮತ್ತೆ ತೆರೆಯುವುದು. ಎಲ್ಲಿ ದಿಂಡು ಜಜ್ಜಿ ಕಪ್ಪಾಗಿದೆಯೋ ಅಲ್ಲಿ ಕಬ್ಬಿಣವೂ ತಾಗುತ್ತದೆ.

ನಾನು ನಕ್ಕೆ. “ಸಂಜೀವಣ್ಣ, ಇದೆಲ್ಲಾ ಯಾಕ ಬೇಕ್ರೀ? ಲೆಕ್ಕದಾಗ ಎರಡು ಇಂಚು ಜಾಗ ಉಳದೈತಿ!”

“ಉಳಿಯಲಿ ಸರ್. ಉಳಿದ್ರೆ ಒಳ್ಳೇದೇ ಅಲ್ವಾ?” ಎಂದು ಬಾನೆಟ್ ಒತ್ತಿದರು. ತೆರೆದಾಗ ದಿಂಡಿನ ಮುಂಭಾಗದಲ್ಲಿ ಎರಡು ಬೆರಳು ಆಳದ ಗಾಯ. ಆ ಕಾರಿನ ಬಾನೆಟ್ ಮುಂದಕ್ಕೆ ಹೋದಂತೆ ಇಳಿಜಾರಾಗುತ್ತದೆ ಎಂಬುದನ್ನು ನನ್ನ ಹನ್ನೊಂದು ಪುಟಗಳು ಗಮನಿಸಿರಲಿಲ್ಲ. ಬಾಗಿಲು ಎಷ್ಟು ಎತ್ತರವೆಂದು ನೋಡದೆ ಬೀರು ತಂದವನ ಸ್ಥಿತಿ ನನ್ನದು. ಅವರು ಎಂಜಿನ್ ಕೂರುವ ಫೌಂಡೇಶನ್ ತಗ್ಗಿಸಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಬಿಳಿಯ ಎಂಜಿನ್ನನ್ನು ಪಕ್ಕದ ಮನೆಯ ದನ ತಿಂದಿತು.

ಒಂದೂವರೆ ತಿಂಗಳಲ್ಲಿ ಹೊಸ ಎಂಜಿನ್ ಕೂತಿತು. ಚಾಲೂ ಮಾಡಿದಾಗ ಆ ಪುಟ್ಟ ಕಾರು ಗುಟುರು ಹಾಕಿದ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು, ನಿಜವಾಗಿಯೂ. ಆದರೆ ಸಂಜೀವಣ್ಣ ಕೀಲಿ ಕೊಡಲಿಲ್ಲ. “ಬ್ರೇಕ್ ಹಳೇದೇ ಉಂಟು ಸರ್. ಈ ಎಂಜಿನ್ನಿಗೆ ಅದು ಸಾಲುದಿಲ್ಲ. ಸಾಮಾನು ಬರ್ಲಿಕ್ಕೆ ಒಂದು ವಾರ ಬೇಕು. ಅಲ್ಲಿವರೆಗೆ ಇದನ್ನು ಮುಟ್ಟುದು ಬೇಡ.”

ಆ ಭಾನುವಾರ ಕಾರ್ಕಳದಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ಹೊಸ ಎಂಜಿನ್ನಿನಲ್ಲೇ ಬರುತ್ತೇನೆಂದು ಸ್ಟಾಫ್ ರೂಮಿನಲ್ಲಿ ಎದೆಯುಬ್ಬಿಸಿ ಹೇಳಿಯಾಗಿತ್ತು. ಬೇಡಿದೆ, ಹಟ ಹಿಡಿದೆ, ಕಡೆಗೆ “ನಾನೂ ಇದನ್ನ ಪಾಠ ಮಾಡಾಂವ ಅದೀನ್ರೀ, ಬ್ರೇಕಿನ ವಿಷಯ ನನಗ ಹೇಳಬ್ಯಾಡ್ರಿ” ಎಂದು ಬಾಯಿಗೆ ಬಂದದ್ದು ಆಡಿದೆ. ಅವರು ಕೀಲಿ ನನ್ನ ಕೈಗಿಟ್ಟರು. “ಹಾಗಾದ್ರೆ ನಾನೂ ಬರ್ತೇನೆ” ಎಂದು ಹಿಂದಿನ ಸೀಟಿನಲ್ಲಿ ಕುಳಿತರು.

ಏರುದಾರಿಯಲ್ಲಿ ಕಾರು ಹಾರಿತು. ಎರಡು ಬಸ್ಸುಗಳನ್ನು ಹಿಂದಿಕ್ಕಿದೆ. ಹಾಡಿದೆ ಕೂಡ. ಕಾರ್ಕಳ ಇನ್ನೇನು ಬಂತು ಎನ್ನುವಾಗ ಒಂದು ಉದ್ದನೆಯ ಇಳಿಜಾರು ಸಿಕ್ಕಿತು. ಬ್ರೇಕ್ ಒತ್ತಿದೆ, ಒತ್ತಿಯೇ ಇದ್ದೆ. ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಯಿತು, ವೇಗ ಮಾತ್ರ ಇಳಿಯಲಿಲ್ಲ. “ಗೇರ್ ಇಳಿಸಿ ಸರ್, ಎರಡಕ್ಕೆ ಹಾಕಿ!” ಎಂದು ಹಿಂದಿನಿಂದ ಕೂಗಿದರು. ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವುದು ಹೇಗೆಂದು ಪ್ರತಿವರ್ಷ ಒಂದು ಗಂಟೆ ಪಾಠ ಮಾಡುವ ನಾನು ಗಾಬರಿಯಲ್ಲಿ ನ್ಯೂಟ್ರಲ್ಲಿಗೆ ಹಾಕಿದೆ. ಕಾರು ಇನ್ನಷ್ಟು ಜೋರಾಗಿ ಓಡಿತು. ಸಂಜೀವಣ್ಣ ಎರಡು ಸೀಟುಗಳ ನಡುವೆ ನುಗ್ಗಿ, ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗನ್ನು ಭುಜದಿಂದ ದೂಡಿದರು. ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಕೆಂಪು ಮಣ್ಣಿನ ರಾಶಿಗೆ ಕಾರು ಮೂತಿ ಹುದುಗಿಸಿ ನಿಂತಿತು. ನನ್ನ ಹಣೆಯಲ್ಲಿ ಒಂದು ಬುಗುಟು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಮನೆ ಕಟ್ಟುತ್ತಿದ್ದವರು ಓಡಿಬಂದರು. ನಮ್ಮ ಗದಗ ಕಡೆಯವರೇ. “ಯಾವ ಪುಣ್ಯಾತ್ಮರೀ, ಬ್ರೇಕ್ ಇಲ್ಲದ ಗಾಡಿ ಕೊಟ್ಟಾಂವ?” ಎಂದು ಒಬ್ಬ ಹೆಂಗಸು ನನ್ನ ಹಣೆಗೆ ನೀರು ಹಚ್ಚುತ್ತ ಕೇಳಿದಳು. ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿ ಬಂದವನೊಬ್ಬ, “ಎಂತ ಆಯ್ತು ಸರ್?” ಎಂದ. ನೋಡಿದರೆ ನನ್ನದೇ ತರಗತಿಯ ಹುಡುಗ. ನಾನು ಬಾಯಿ ತೆರೆಯುವ ಮೊದಲೇ ಸಂಜೀವಣ್ಣ ಹೇಳಿದರು: “ನಾನೇ ಮಾರಾಯ್ರೆ, ನಾನೇ ಮೆಕ್ಯಾನಿಕ್. ಬ್ರೇಕ್ ಕೆಲಸ ಬಾಕಿ ಆಗಿತ್ತು. ಸರ್‌ಗೆ ಗೊತ್ತಿರ್ಲಿಲ್ಲ.”

ನಾನು ಹಣೆ ಒರೆಸಿಕೊಳ್ಳುತ್ತ ನಿಂತೆ. ಆಮೇಲೆ ಒಬ್ಬರೇ ಸಿಕ್ಕಾಗ ಯಾಕೆ ಹಾಗೆ ಹೇಳಿದಿರೆಂದು ಕೇಳಿದರೆ, “ಕಲಿಸುವವರ ಮಾತು ಮಕ್ಕಳು ನಂಬಬೇಕಲ್ವಾ” ಎಂದಷ್ಟೇ ಅಂದರು.

ಅಲ್ಲಿಗೆ ನಿಂತಿದ್ದರೆ ನಾನು ಬರಿಯ ಪೆದ್ದನಾಗಿ ಉಳಿಯುತ್ತಿದ್ದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಹಣೆಯ ಬುಗುಟನ್ನು ಎಲ್ಲರೂ ಕೇಳಿದರು. “ಮೆಕ್ಯಾನಿಕ್ ಬ್ರೇಕ್ ನೋಡೇ ಇರಲಿಲ್ಲ ನೋಡ್ರಿ” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ನಮ್ಮ ವಿಭಾಗದ ಐದು ಕಾರುಗಳು ಸಂಜೀವಣ್ಣನ ಶೆಡ್ಡಿಗೆ ಹೋಗುತ್ತಿದ್ದವು, ನಾನೇ ಪರಿಚಯ ಮಾಡಿಕೊಟ್ಟದ್ದು. ಒಂದೊಂದಾಗಿ ಐದೂ ಅತ್ತ ಹೋಗುವುದನ್ನು ನಿಲ್ಲಿಸಿದವು. ನನ್ನ ಕಾರಿಗೆ ಅವರು ಹೊಸ ಬ್ರೇಕ್ ಹಾಕಿಕೊಟ್ಟರು. ಇವತ್ತಿಗೂ ಅದು ಒತ್ತಿದಲ್ಲಿ ನಿಲ್ಲುತ್ತದೆ.

ಅದಾದ ಮೇಲೆ ನಾನು ಶೆಡ್ಡಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಕಡೆಯ ಸಲ ಹೋದಾಗ ಅವರು ಮಟ್ಟು ಊರಿನ ಯಾರೋ ಕೊಟ್ಟ ಗುಳ್ಳ ಬದನೆ ನಾಲ್ಕು ಕಟ್ಟಿಕೊಟ್ಟು, “ನಿಮ್ಮ ಕಾಲೇಜಿನ ಮೇಡಂ ಒಬ್ರು ಬರ್ತಿದ್ರಲ್ಲ ಸರ್, ನೀಲಿ ಕಾರಿನವರು. ಸರ್ವಿಸ್ ದಿನ ಕಳೆದು ಎಷ್ಟು ಸಮಯ ಆಯ್ತು, ಬರ್ಲೇ ಇಲ್ಲ. ಹುಷಾರಿದ್ದಾರಲ್ವಾ?” ಎಂದು ಕೇಳಿದರು. “ಆರಾಮ ಅದಾರ್ರಿ” ಎಂದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ಗುಳ್ಳ ತೆಗೆದುಕೊಂಡು ಬಂದೆ.

ಕಳೆದ ಚಳಿಗಾಲದಲ್ಲಿ ಸಂಜೀವಣ್ಣ ಎದೆನೋವಿನಿಂದ ತೀರಿಕೊಂಡರು. ಹದಿನೈದು ದಿನ ಕಳೆದು ಅವರ ಮನೆಗೆ ಹೋಗಿ, ಅವರ ಹೆಂಡತಿ ಲಲಿತಕ್ಕನ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಕಾರನ್ನು ಹಟ ಹಿಡಿದು ತೆಗೆದದ್ದು ನಾನು, ಹೆಸರು ಕೆಡಿಸಿದ್ದೂ ನಾನೇ ಎಂದು ಹೇಳುವಾಗ ಅಳು ಬಂತು. ಅವರು ಚಹಾದ ಲೋಟ ನನ್ನ ಹತ್ತಿರಕ್ಕೆ ಸರಿಸಿದರು.

“ನಂಗೆ ಗೊತ್ತುಂಟು. ಅವರಿಗೂ ಗೊತ್ತಿತ್ತು” ಎಂದರು. “ಆಮೇಲೆ ಎರಡು ವರ್ಷ, ಇದನ್ನು ಕೇಳ್ಲಿಕ್ಕೆ ಅವರು ಇಲ್ಲೇ ಇದ್ರಲ್ಲ ಸರ್.”